ಕಳೆದ ನಾಣ್ಯದ ಬೆಲೆ

ಮೇ ತಿಂಗಳ ಎರಡನೆಯ ಭಾನುವಾರ ನಮ್ಮ ಚರ್ಚಿನಲ್ಲಿ ತಾಯಂದಿರ ದಿನ. ಆರಾಧನೆ ಮುಗಿಯುವ ಹೊತ್ತಿಗೆ ಸಂಡೇ ಸ್ಕೂಲಿನ ಮಕ್ಕಳು ಬುಟ್ಟಿ ಹಿಡಿದು ಬಂದು ಪ್ರತಿಯೊಬ್ಬ ತಾಯಿಗೂ ಒಂದೊಂದು ಗುಲಾಬಿ ಕೊಡುತ್ತಿದ್ದರು. ಎರಡು ವರ್ಷದ ಹಿಂದೆ ನಮ್ಮ ಸಾಲಿಗೆ ಬಂದ ಹುಡುಗಿ ನಾನೇ ಪಾಠ ಹೇಳುವ ಮಗು. ನಗುತ್ತಾ ನನ್ನ ಕಡೆ ಹೂವು ಚಾಚಿದಳು. ಹಿಂದಿನ ಬೆಂಚಿನಿಂದ ಒಬ್ಬ ಹಿರಿಯಾಕೆ, "ಏ, ಟೀಚರಿಗಲ್ಲವಾ, ಅವರಿಗೆಲ್ಲಿ ಮಕ್ಕಳು? ಮುಂದ ನಡಿ" ಎಂದರು. ಮಗು ಗಾಬರಿಬಿದ್ದು ಕೈ ಹಿಂದಕ್ಕೆ ತೆಗೆದುಕೊಂಡಿತು. ನನ್ನ ಪಕ್ಕದಲ್ಲಿ ಕುಳಿತಿದ್ದಾಕೆಯ ಮುಂದೆಯೂ ಬುಟ್ಟಿ ನಿಲ್ಲಲಿಲ್ಲ. ಆಕೆಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾಗಿ ಐದು ವರ್ಷ ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತವರಿಗೆ ಕಳಿಸಿ ಸುಮ್ಮನಾಗಿದ್ದರು. ಆಕೆ ಹಾಡಿನ ಪುಸ್ತಕ ತೆರೆದು ತಲೆ ತಗ್ಗಿಸಿದಳು. ಆ ಹೊತ್ತಿನಲ್ಲಿ ಯಾವ ಹಾಡೂ ಇರಲಿಲ್ಲ.

ಗುಲಾಬಿಗಾಗಿ ನಾನು ಇದನ್ನು ಬರೆಯುತ್ತಿಲ್ಲ. ಬೇಕಿದ್ದರೆ ಪೇಟೆಗೆ ಹೋಗಿ ಒಂದು ಹಿಡಿ ಗುಲಾಬಿ ತರುವಷ್ಟು ಸಂಬಳ ನನಗಿದೆ. ಹಾಗೆಯೇ, ಬೇರೆ ಧರ್ಮದ ಗೆಳತಿಯರೇ, ನಿಮ್ಮನ್ನು ನಮ್ಮ ಚರ್ಚಿಗೆ ಕರೆಯಲೂ ಬರೆಯುತ್ತಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವಾಗ ಯಾರ ಮನೆ ಬಿಡುತ್ತಾರೆ, ಸೀಮಂತದಲ್ಲಿ ಯಾರನ್ನು ಹಿಂದಕ್ಕೆ ಕೂರಿಸುತ್ತಾರೆ ಎಂಬುದು ನಿಮಗೂ ಗೊತ್ತಿದೆ. ನನ್ನ ಜಗಳ ನನ್ನ ಮನೆಯವರೊಂದಿಗೆ. ಹೆಣ್ಣಿಗೆ ಅವಳ ಬೆಲೆಯನ್ನು ತಿಳಿಸಿಕೊಡಬೇಕಾದ ನಂಬಿಕೆಯನ್ನೇ ಹಿಡಿದುಕೊಂಡು ಅವಳನ್ನು ತೂಗಲು ಕೂರುವವರೊಂದಿಗೆ.

ತಾಯಂದಿರ ದಿನದ ಕಥೆಯನ್ನೇ ನೋಡಿ. ಅದನ್ನು ಹುಟ್ಟುಹಾಕಿದವಳು ಅಮೆರಿಕದ ಆನಾ ಜಾರ್ವಿಸ್. ತೀರಿಹೋದ ತನ್ನ ತಾಯಿಯ ನೆನಪಿಗೆ 1908ರ ಮೇ ತಿಂಗಳಲ್ಲಿ ಗ್ರಾಫ್ಟನ್ ಎಂಬ ಊರಿನ ಚರ್ಚಿಗೆ ಐನೂರು ಬಿಳಿ ಕಾರ್ನೇಷನ್ ಹೂಗಳನ್ನು ಕಳಿಸಿದಳು. 1914ರಲ್ಲಿ ಆ ದೇಶದ ಸರಕಾರವೇ ದಿನವನ್ನು ಗೊತ್ತುಮಾಡಿತು. ಆ ಆನಾ ಜಾರ್ವಿಸ್ ಮದುವೆಯಾದವಳಲ್ಲ, ಮಕ್ಕಳನ್ನು ಹೆತ್ತವಳಲ್ಲ. ನಮ್ಮ ಊರಿನ ಚರ್ಚಿಗೆ ಬಂದಿದ್ದರೆ ಆಕೆಯ ಮುಂದೆಯೂ ಬುಟ್ಟಿ ನಿಲ್ಲುತ್ತಿರಲಿಲ್ಲ!

ಅಂದಿನ ಪ್ರಸಂಗ ಜ್ಞಾನೋಕ್ತಿಗಳ ಕಡೆಯ ಅಧ್ಯಾಯದ ಮೇಲೆ. ಪ್ರತಿ ವರ್ಷವೂ ಅದೇ. ಗುಣವತಿಯಾದ ಹೆಂಡತಿ ಇನ್ನೂ ಕತ್ತಲಿರುವಾಗ ಏಳುತ್ತಾಳೆ, ನೂಲುತ್ತಾಳೆ, ಮನೆಯವರಿಗೆಲ್ಲ ಊಟ ಒದಗಿಸುತ್ತಾಳೆ, ರಾತ್ರಿಯೂ ಅವಳ ದೀಪ ಆರುವುದಿಲ್ಲ. ಅಯ್ಯನವರು ಇದನ್ನೆಲ್ಲ ವಿವರಿಸುವಾಗ ಗಂಡಸರು ತಲೆದೂಗುತ್ತಾರೆ. ಹೆಂಗಸರು, ಅಂದು ಬೆಳಿಗ್ಗೆ ಐದಕ್ಕೆ ಎದ್ದು ಮೂರು ತರಹದ ಅಡುಗೆ ಮಾಡಿಟ್ಟು ಬಂದವರು, ಮನಸ್ಸಿನಲ್ಲೇ ಪಟ್ಟಿಗೆ ತಮ್ಮನ್ನು ಹೋಲಿಸಿಕೊಳ್ಳುತ್ತಾರೆ. ಅದೇ ಅಧ್ಯಾಯದಲ್ಲಿ ಆಕೆ ತಾನೇ ಯೋಚಿಸಿ ಒಂದು ಹೊಲ ಕೊಂಡುಕೊಳ್ಳುತ್ತಾಳೆ, ತನ್ನ ಸಂಪಾದನೆಯಿಂದ ದ್ರಾಕ್ಷಿತೋಟ ಮಾಡುತ್ತಾಳೆ ಎಂದೂ ಇದೆ. ಈ ವಚನದ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದನ್ನು ನಾನಂತೂ ಕೇಳಿಲ್ಲ. ಹೊಲದ ಉತಾರ ಯಾರ ಹೆಸರಿನಲ್ಲಿತ್ತು ಎಂದು ಕೇಳಬೇಕಾದೀತೆಂಬ ಭಯವೋ ಏನೋ.

ನನ್ನನ್ನು ತೂಗಿದ್ದು 1994ರಲ್ಲಿ. ನನಗಾಗ ಇಪ್ಪತ್ತನಾಲ್ಕು ವರ್ಷ. ಬಿ.ಎ. ಆಗಿ ಬಿ.ಎಡ್. ಮುಗಿಸಿದ್ದೆ. ಅಪ್ಪ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದವರು, ನಾವು ಮೂವರು ಹೆಣ್ಣುಮಕ್ಕಳು. ನೋಡಲು ಬಂದವರು ನಮ್ಮವರೇ, ಸಭೆಯ ಹಿರಿಯರ ಕಡೆಯವರು. ಬಂದೊಡನೆ ಪ್ರಾರ್ಥನೆ ಮಾಡಿದರು. ಚಹಾ ಕುಡಿದರು. "ನಮ್ಮದು ಕ್ರೈಸ್ತ ಮನೆತನ ನೋಡ್ರಿ, ವರದಕ್ಷಿಣಿ ಅನ್ನೋ ಮಾತೇ ಇಲ್ಲ" ಎಂದರು. ಅಮ್ಮನ ಮುಖ ಅರಳಿತು. ಆಮೇಲೆ ಹುಡುಗನ ಸೋದರಮಾವ ಅಪ್ಪನನ್ನು ಜಗಲಿಗೆ ಕರೆದುಕೊಂಡು ಹೋಗಿ, ಹುಡುಗನಿಗೆ ಒಂದು ಸ್ಕೂಟರ್, ಹುಡುಗಿಗೆ ನೀವೇ ಸಂತೋಷದಿಂದ ಹಾಕುವ ಹತ್ತು ತೊಲ ಬಂಗಾರ, ಊರಿನ ಖರ್ಚು ಎಂದು ಲೆಕ್ಕ ಒಪ್ಪಿಸಿದರು. ನಾನು ಕಿಟಕಿಯ ಒಳಗಡೆ ನಿಂತಿದ್ದೆ. ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಮುತ್ತಜ್ಜ ದೀಕ್ಷಾಸ್ನಾನಕ್ಕೆ ಮೊದಲು ಯಾವ ಜಾತಿಯವರಾಗಿದ್ದರು ಎಂದು ಮೆಲ್ಲಗೆ ಕೇಳಿದರು. ನಾಲ್ಕು ತಲೆಮಾರು ಒಂದೇ ರೊಟ್ಟಿ ಮುರಿದು ಪ್ರಭುಭೋಜನ ತೆಗೆದುಕೊಂಡ ಮೇಲೂ ಈ ಪ್ರಶ್ನೆ! ಕಡೆಗೆ, "ಹುಡುಗಿ ಬಣ್ಣ ಸ್ವಲ್ಪ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಹೋಗುವಾಗಲೂ ಪ್ರಾರ್ಥನೆ ಮಾಡಿಯೇ ಹೋದರು.

1961ರಲ್ಲೇ ವರದಕ್ಷಿಣೆ ನಿಷೇಧದ ಕಾಯಿದೆ ಬಂದಿದೆ, ಅದು ಎಲ್ಲ ಧರ್ಮದವರಿಗೂ ಸೇರಿದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ? ಅಮ್ಮ "ದೇವರ ಚಿತ್ತ" ಎಂದು ಕಣ್ಣೊರೆಸಿಕೊಂಡಳು. ದೇವರ ಮೇಲೆ ಹೊರಿಸಿದಷ್ಟು ಅಪವಾದವನ್ನು ನಾವು ಯಾವ ಬೀಗರ ಮೇಲೂ ಹೊರಿಸಿರಲಾರೆವು. ಇನ್ನೂ ಎರಡು ಕಡೆಯಿಂದ ಬಂದು ಹೋದರು. ಅಷ್ಟರಲ್ಲಿ ಅಪ್ಪನ ಕಣ್ಣು ಮಂಜಾಗಿ ಕೆಲಸ ಬಿಡಬೇಕಾಯಿತು. ನನಗೆ ನೌಕರಿ ಸಿಕ್ಕಿತು. ತಂಗಿಯರ ಮದುವೆಯನ್ನು ನಾನೇ ಮಾಡಿಸಿದೆ. ಅವರಿಬ್ಬರಿಗೂ ಸಂತೋಷದಿಂದ ಬಂಗಾರ ಹಾಕಿದವಳು ನಾನೇ ಎಂಬುದನ್ನೂ ಇಲ್ಲಿ ಬರೆಯಬೇಕು. ಬರೆಯಲು ನಾಚಿಕೆಯಾಗುತ್ತದೆ.

ಆಮೇಲಿನ ಹದಿನೈದು ವರ್ಷ ನಾನು ಬಹಳ ಭಕ್ತಿವಂತೆ ಎಂದು ಹೆಸರಾದೆ. ಸುಗ್ಗಿ ಹಬ್ಬಕ್ಕೆ ನೂರೈವತ್ತು ಜನರ ಅಡುಗೆ, ಕ್ರಿಸ್ಮಸ್ಸಿಗೆ ಮಕ್ಕಳ ನಾಟಕ, ಬಲಿಪೀಠದ ಬಟ್ಟೆಗೆ ಕಸೂತಿ, ಯಾರ ಮನೆಯಲ್ಲಿ ಬಾಣಂತನವಾದರೂ ರಾತ್ರಿ ಎದ್ದಿರುವುದು. "ಟೀಚರ್ ಇದ್ದಾರಲ್ಲ, ಅವರಿಗೇನು, ಒಬ್ಬರೇ" ಎನ್ನುವುದು ರೂಢಿಯಾಯಿತು. ಸೇವೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಾನು ಮಾಡುತ್ತಿದ್ದುದು ಸೇವೆಯಲ್ಲ, ಬಾಕಿ ತೀರಿಸುವ ಕೆಲಸ. ಮದುವೆಯಾಗದೆ ಉಳಿದದ್ದಕ್ಕೆ ಸಭೆಗೆ ಏನೋ ಸಾಲ ಕೊಡಬೇಕಾದವಳಂತೆ ದುಡಿಯುತ್ತಿದ್ದೆ. ಒಂದು ವರ್ಷ ಜ್ವರ ಬಂದು ಸುಗ್ಗಿ ಹಬ್ಬಕ್ಕೆ ಹೋಗಲಾಗಲಿಲ್ಲ. ಮಲಗಿದಲ್ಲೇ ದೇವರಿಗೆ ಕ್ಷಮೆ ಕೇಳಿದೆ. ದೇವರಿಗೆ ಅಡುಗೆಯವಳು ಬರದಿದ್ದರೆ ಸಿಟ್ಟು ಬರುತ್ತದೆಂದು ನಾನು ನಂಬಿದ್ದೆನಲ್ಲ, ಬಿ.ಎ., ಬಿ.ಎಡ್.!

ನನಗೆ ಯಾವ ದರ್ಶನವೂ ಆಗಲಿಲ್ಲ. ಕಣ್ಣು ತೆರೆದದ್ದು ಸಂಡೇ ಸ್ಕೂಲಿನಲ್ಲಿ. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮೂರು ಕಥೆ ಹೇಳುತ್ತಾನೆ: ತಪ್ಪಿಹೋದ ಕುರಿ, ಕಳೆದುಹೋದ ನಾಣ್ಯ, ಮನೆಬಿಟ್ಟು ಹೋದ ಮಗ. ಕುರಿಯ ಚಿತ್ರ ನಮ್ಮ ಎಲ್ಲರ ಮನೆಯ ಗೋಡೆಯ ಮೇಲೂ ಇದೆ. ಮಗನ ಕಥೆಯನ್ನು ಉಜ್ಜೀವನ ಕೂಟಗಳಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದೆ. ನಡುವಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಹತ್ತು ಬೆಳ್ಳಿ ನಾಣ್ಯಗಳಿದ್ದ ಒಬ್ಬ ಹೆಂಗಸು ಒಂದನ್ನು ಕಳೆದುಕೊಳ್ಳುತ್ತಾಳೆ, ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ ಹುಡುಕುತ್ತಾಳೆ, ಸಿಕ್ಕಾಗ ನೆರೆಹೊರೆಯ ಗೆಳತಿಯರನ್ನು ಕರೆದು ಸಂತೋಷಪಡುತ್ತಾಳೆ. ಕುರುಬ ಎಂದರೆ ದೇವರು, ತಂದೆ ಎಂದರೆ ದೇವರು ಎನ್ನುವ ನಾವು, ಸೆರಗು ಕಟ್ಟಿ ಪೊರಕೆ ಹಿಡಿದ ಈ ಹೆಂಗಸೂ ದೇವರೇ ಎಂದು ಹೇಳಲು ಹಿಂಜರಿಯುತ್ತೇವೆ.

ಅಂದು ಮಕ್ಕಳಿಗೆ ತೋರಿಸಲು ಐದು ರೂಪಾಯಿಯ ಒಂದು ನಾಣ್ಯವನ್ನು ಬೆಂಚಿನ ಕೆಳಗೆ ಉರುಳಿಸಿದ್ದೆ. ಅದು ಧೂಳಿನಲ್ಲಿ ಎಲ್ಲಿಯೋ ಸೇರಿಕೊಂಡಿತು. ಮಕ್ಕಳು ಹುಡುಕುತ್ತಿದ್ದಾಗ ಹೊತ್ತು ಕಳೆಯಲೆಂದು ಕೇಳಿದೆ: "ಈಗ ಅದು ಯಾರ ಕೈಯಲ್ಲೂ ಇಲ್ಲ, ಯಾವ ಅಂಗಡಿಯಲ್ಲೂ ಓಡುತ್ತಿಲ್ಲ. ಈಗ ಅದರ ಬೆಲೆ ಎಷ್ಟು?" ಒಬ್ಬ ಹುಡುಗ, ಓದಿನಲ್ಲಿ ಅಷ್ಟಕ್ಕಷ್ಟೇ, ಬೆಂಚಿನ ಕೆಳಗಿನಿಂದಲೇ, "ಐದೇರೀ ಟೀಚರ್, ಮತ್ತೆಷ್ಟು?" ಎಂದ. ಇದೇನು ಪ್ರಶ್ನೆ ಎಂಬಂತಿತ್ತು ಅವನ ದನಿ. ನಾನು ಪಾಠ ಮುಂದುವರಿಸಿದೆ. ಮನೆಗೆ ಹೋಗಿ ಚಪಾತಿ ಹಿಟ್ಟು ಕಲಸುವಾಗ ಅಳು ಬಂತು. ಹದಿನೈದು ವರ್ಷ ನನ್ನ ಬೆಲೆಯನ್ನು ನಾನೇ ಸೊನ್ನೆಗೆ ಇಳಿಸಿಕೊಂಡು, ಆಮೇಲೆ ಕಸೂತಿ ಹಾಕಿ ಹಾಕಿ ಏರಿಸಲು ಹೊರಟಿದ್ದೆ. ಮೊಳೆ ಒತ್ತಿ ನಾಣ್ಯ ಮಾಡಿದವನು ಬೆಲೆಯನ್ನೂ ಅದರ ಮೇಲೆಯೇ ಒತ್ತಿಟ್ಟಿದ್ದ.

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬ ವಿಜ್ಞಾನದ ಮೇಷ್ಟರು ಇದ್ದರು, ವಿಚಾರವಾದಿ, ಒಳ್ಳೆಯ ಮನುಷ್ಯ. ಅವರು ಕೇಳಿದ್ದರು: "ನಿಮ್ಮ ಧರ್ಮ ಶುರುವಾಗೋದೇ 'ನೀನು ಪಾಪಿ' ಅನ್ನೋದರಿಂದ. ಅದರಿಂದ ಆತ್ಮಗೌರವ ಹ್ಯಾಂಗ ಬರತದರೀ ಮೇಡಂ?" ನ್ಯಾಯವಾದ ಪ್ರಶ್ನೆ. ಅಂದು ಉತ್ತರ ಬರಲಿಲ್ಲ. ಈಗ ಹೇಳಬಲ್ಲೆ. ನಾನು ತಪ್ಪು ಮಾಡುವವಳು ಎಂಬುದನ್ನು ಒಪ್ಪಲು ನನಗೆ ಕಷ್ಟವಿಲ್ಲ. ತಂಗಿಯರ ಬಂಗಾರದ ವಿಷಯ ಮೇಲೆಯೇ ಬರೆದಿದ್ದೇನೆ. ಆದರೆ ಬೆಲೆಯಿಲ್ಲದ್ದನ್ನು ಯಾರೂ ದೀಪ ಹಚ್ಚಿ ಹುಡುಕುವುದಿಲ್ಲ. ಪಾಪಿ ಎಂಬ ಮಾತನ್ನು ಯೋಗ್ಯತೆಯಿಲ್ಲದವಳು ಎಂಬ ಅರ್ಥದಲ್ಲಿ, ಅದರಲ್ಲೂ ಹೆಂಗಸರ ಕೂಟಗಳಲ್ಲಿ ಕೂಗಿ ಹೇಳುವ ಪ್ರಸಂಗಿಗಳು ಈ ಮೇಷ್ಟರ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಇತ್ತೀಚೆಗೆ ಇನ್ನೊಂದು ಜಾತಿಯ ಪ್ರಸಂಗಿಗಳು ಬಂದಿದ್ದಾರೆ. ಮನೆ ಕಟ್ಟಿದ್ದು, ಕಾರು ಕೊಂಡದ್ದು, ಮಗನಿಗೆ ಕೆನಡಾದ ವೀಸಾ ಸಿಕ್ಕಿದ್ದು ಎಲ್ಲವೂ ದೇವರ ಮೆಚ್ಚುಗೆಯ ಗುರುತಂತೆ. ಹಾಗಾದರೆ ಬಾಡಿಗೆ ಮನೆಯ ವಿಧವೆಯನ್ನು ದೇವರು ಮೆಚ್ಚಲಿಲ್ಲವೇ?

ಆ ದಿನಗಳಲ್ಲಿಯೇ ನಾನು ಪಂಡಿತಾ ರಮಾಬಾಯಿಯ ಬರಹಗಳನ್ನು ಹುಡುಕಿ ಓದಿದೆ. ಹೆಸರು ಪಾಠ ಪುಸ್ತಕದಿಂದ ಗೊತ್ತಿತ್ತು, ಮಹಾರಾಷ್ಟ್ರದವಳು ಎಂದುಕೊಂಡಿದ್ದೆ. ಹುಟ್ಟಿದ್ದು ನಮ್ಮ ಕಾರ್ಕಳದ ಮಾಳದ ಹತ್ತಿರ, ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ವಿರೋಧ ಕಟ್ಟಿಕೊಂಡವರು. ಆ ತಾಯಿ ಮಗಳಿಗೆ ಕಲಿಸಿದಳು. ಊರೂರು ತಿರುಗಿ ಪುರಾಣ ಹೇಳುತ್ತಿದ್ದ ಕುಟುಂಬ ಬರಗಾಲಕ್ಕೆ ಸಿಕ್ಕು, ತಂದೆತಾಯಿ ಇಬ್ಬರೂ ತೀರಿಕೊಂಡರು. ಅಣ್ಣನೊಡನೆ ಅಲೆಯುತ್ತಾ 1878ರಲ್ಲಿ ಕಲ್ಕತ್ತೆಗೆ ಹೋದಾಗ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಜಾತಿ ಮೀರಿ ಒಬ್ಬ ಬಂಗಾಳಿ ವಕೀಲನನ್ನು ಮದುವೆಯಾದಳು. ಎರಡೇ ವರ್ಷದಲ್ಲಿ, 1882ರಲ್ಲಿ, ವಿಧವೆ. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದದ್ದು ವೈದ್ಯಕೀಯ ಓದಲು. ಕಿವಿ ಸರಿಯಾಗಿ ಕೇಳಿಸದೆ ಅದು ಆಗಲಿಲ್ಲ. ಅಲ್ಲಿ ಸಿಸ್ಟರುಗಳು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ದಾರಿ ತಪ್ಪಿದವರೆಂದು ಸಮಾಜ ಕೈಬಿಟ್ಟ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅಂಥವರನ್ನು ಯಾರಾದರೂ ಪ್ರೀತಿಯಿಂದ ನೋಡಿಕೊಳ್ಳಬಹುದೆಂದೇ ರಮಾಬಾಯಿಗೆ ತಿಳಿದಿರಲಿಲ್ಲ. ಯಾಕೆ ಹೀಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದಾಗ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯಿಂದ ಬಾವಿಯ ಬಳಿಯ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದಳು. ಐವರು ಗಂಡಂದಿರನ್ನು ಕಂಡವಳು, ಬೇರೆ ಕುಲದವಳು, ಮಟಮಟ ಮಧ್ಯಾಹ್ನ ಒಬ್ಬಳೇ ನೀರಿಗೆ ಬಂದವಳು. ಅವಳ ಹತ್ತಿರ ಯೇಸುಸ್ವಾಮಿ ನೀರು ಕೇಳಿ ಕುಡಿಯಲು ಸಿದ್ಧನಾಗಿ, ದೇವರ ಆರಾಧನೆಯಂಥ ದೊಡ್ಡ ವಿಷಯವನ್ನು ಅವಳೊಡನೆ ಮಾತಾಡುತ್ತಾನೆ. ಇಷ್ಟೆಲ್ಲ ಶಾಸ್ತ್ರ ಓದಿದ ರಮಾಬಾಯಿಗೆ ತಟ್ಟಿದ್ದು ಈ ಕಥೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಪಡೆದಳು.

ನಮ್ಮ ಪ್ರಸಂಗಗಳಲ್ಲಿ ರಮಾಬಾಯಿಯ ಕಥೆ ಇಲ್ಲಿಗೆ ನಿಲ್ಲುತ್ತದೆ. ನಾನು ಹೇಳಬೇಕಾದದ್ದು ಇಲ್ಲಿಂದ ಮುಂದಿನದು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಗಂಡುಹುಡುಗರಿಗೂ ಆಕೆ ಪಾಠ ಹೇಳಬಹುದೆಂಬ ಮಾತು ಬಂತು. ಭಾರತದಲ್ಲಿದ್ದ ಬಿಷಪ್ಪರು ಕೂಡದು ಎಂದರು, ಸ್ವದೇಶದಲ್ಲಿ ಹೆಸರು ಕೆಡುತ್ತದಂತೆ. ಭಾರತದಲ್ಲಿ ಗಂಡಸರು ತುಂಬಿದ ಸಭೆಗಳಲ್ಲಿ ಮಾತಾಡಿ ಬಂದವಳಿಗೆ ಈ ಬುದ್ಧಿವಾದ! ಮೂವತ್ತು ವರ್ಷ ಗಂಡುಹುಡುಗರಿಗೂ ಹೆಣ್ಣುಹುಡುಗಿಯರಿಗೂ ಪಾಠ ಹೇಳಿದ ನನಗೆ ಇದನ್ನು ಓದಿ ಮೈ ಉರಿಯಿತು. ಆಕೆಗೂ ಉರಿಯಿತು. ತನ್ನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಜೆರಾಲ್ಡಿನ್‌ಗೆ ಪತ್ರ ಬರೆದು, ಒಂದು ಪುರೋಹಿತರ ನೊಗದಿಂದ ಕಷ್ಟಪಟ್ಟು ಕುತ್ತಿಗೆ ಬಿಡಿಸಿಕೊಂಡು ಬಂದವಳು ಇನ್ನೊಂದು ಪುರೋಹಿತರ ನೊಗಕ್ಕೆ ಕೊಡಲು ಸಿದ್ಧಳಿಲ್ಲ ಎಂಬ ಅರ್ಥದ ಮಾತನ್ನು ನೇರವಾಗಿಯೇ ಹೇಳಿದಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನನ್ನ ಸಂಸ್ಕೃತ ಯಾಕಾಗಬಾರದು ಎಂದೂ ಕೇಳಿದಳು. ಸಿಸ್ಟರ್ ಇದನ್ನು ಅಹಂಕಾರ ಎಂದರು. ದೇವರ ಎದುರು ತನ್ನ ಬೆಲೆ ತಿಳಿದುಕೊಂಡ ಹೆಂಗಸು ಮನುಷ್ಯರ ಎದುರು ಪ್ರಶ್ನೆ ಕೇಳಿದರೆ ಅದಕ್ಕೆ ಇಂದಿಗೂ ಅದೇ ಹೆಸರು.

ದೇಶಕ್ಕೆ ಮರಳಿ 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದಳು. ಅಲ್ಲಿ ಓದಿದ ಗೋದೂಬಾಯಿಯನ್ನೇ ಮುಂದೆ ಧೋಂಡೊ ಕೇಶವ ಕರ್ವೆಯವರು ಮದುವೆಯಾದದ್ದು. ಮತಾಂತರದ ಆರೋಪ ಬಂದು 1893ರಲ್ಲಿ ಪುಣೆಯಲ್ಲಿ ದೊಡ್ಡ ಗಲಾಟೆಯಾಯಿತು, ಎಷ್ಟೋ ಹುಡುಗಿಯರನ್ನು ಮನೆಯವರು ಕರೆದೊಯ್ದರು. ಹೊರಗಿನವರು ಹೀಗೆ, ಒಳಗಿನವರು ಹಾಗೆ. ಆಕೆ ಕೇಡಗಾಂವಿನಲ್ಲಿ ಮುಕ್ತಿ ಸದನ ಕಟ್ಟಿ, ಬರಗಾಲದಲ್ಲಿ ಅನಾಥರಾದ ನೂರಾರು ಹುಡುಗಿಯರನ್ನು ಸಾಕಿದಳು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದಳು. ಆ ಮುದ್ರಣಾಲಯದಲ್ಲಿ ದುಡಿದವರು ಅಲ್ಲಿನ ಹೆಂಗಸರೇ. ಇದನ್ನು ಓದಿದಾಗ ಅಪ್ಪ ಇರಬೇಕಿತ್ತು ಎನ್ನಿಸಿತು. ಮಗಳು ಮನೋರಮಾ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ರಮಾಬಾಯಿ 1922ರ ಏಪ್ರಿಲ್‌ನಲ್ಲಿ.

ಈಗ ನಮ್ಮ ಸಭೆಗಳ ವಿಷಯಕ್ಕೆ ಬರೋಣ. 2013ರಲ್ಲಿ ದಕ್ಷಿಣ ಭಾರತ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದರು, ಆಂಧ್ರದ ನಂದ್ಯಾಲದಲ್ಲಿ ಪುಷ್ಪ ಲಲಿತಾ ಅವರು. ಒಳ್ಳೆಯದೇ. ಆದರೆ ನಮ್ಮಂಥ ಊರುಗಳ ಚರ್ಚಿನಲ್ಲಿ ಲೆಕ್ಕಪತ್ರದ ಮೇಜಿನ ಸುತ್ತ ಯಾರು ಕೂರುತ್ತಾರೆ, ಅವರಿಗೆ ಚಹಾ ಯಾರು ಒಯ್ಯುತ್ತಾರೆ ಎಂದು ನೋಡಿ. ಮಾತಾಡಿದ ಹೆಂಗಸಿಗೆ "ದೀನತೆ ಇಲ್ಲ" ಎನ್ನುತ್ತಾರೆ. ದೀನತೆ ಯೇಸುಸ್ವಾಮಿಯ ಗುಣ, ಅದರ ಮೇಲೆ ನನಗೆ ಗೌರವವಿದೆ. ಅವನು ಶಿಷ್ಯರ ಕಾಲು ತೊಳೆದದ್ದು ತಾನು ಎಲ್ಲಿಂದ ಬಂದವನೆಂದು ತಿಳಿದುಕೊಂಡೇ. ತನ್ನ ಬೆಲೆಯೇ ತಿಳಿಯದವಳು ಬಗ್ಗಿದರೆ ಅದಕ್ಕೆ ಬೆನ್ನುನೋವು ಎನ್ನಬೇಕು. ಲೂಕನ ಸುವಾರ್ತೆಯಲ್ಲೇ ಹದಿನೆಂಟು ವರ್ಷ ನಡುಬಾಗಿದ ಒಬ್ಬ ಹೆಂಗಸಿದ್ದಾಳೆ. ಸಬ್ಬತ್ ದಿನ ಸಭಾಮಂದಿರದಲ್ಲಿ ಯೇಸು ಅವಳನ್ನು ಹತ್ತಿರ ಕರೆದು ನೆಟ್ಟಗೆ ನಿಲ್ಲಿಸಿದ, ಅಬ್ರಹಾಮನ ಮಗಳು ಎಂದ. ಸಭಾಮಂದಿರದ ಅಧಿಕಾರಿಗೆ ಕೋಪ ಬಂತು. ಆ ಕೋಪವನ್ನೂ ಆತ ಯೇಸುವಿನ ಮೇಲೆ ತೋರಿಸದೆ, ವಾಸಿಯಾಗಬೇಕಿದ್ದರೆ ಬೇರೆ ದಿನ ಬನ್ನಿರಿ ಎಂದು ಜನರ ಮೇಲೆ ತೋರಿಸಿದ. ಎಷ್ಟು ಪರಿಚಯದ ಮನುಷ್ಯ ಅಲ್ಲವೇ?

ಗಂಡಸರನ್ನೇ ಬಯ್ದು ಮುಗಿಸಿದರೆ ಅನ್ಯಾಯವಾದೀತು. ಗುಲಾಬಿ ತರಿಸಿದವರು ನಮ್ಮ ಸ್ತ್ರೀ ಸಮಾಜದವರು. "ಅವರಿಗೆಲ್ಲಿ ಮಕ್ಕಳು" ಎಂದಾಕೆ ನನ್ನ ತಾಯಿಯ ಗೆಳತಿ, ಕೆಟ್ಟವಳಲ್ಲ. ಹನ್ನೊಂದು ವರ್ಷ ಅತ್ತೆಯ ಮನೆಯಲ್ಲಿ ಮಾತು ಕೇಳಿ, ಮಗ ಹುಟ್ಟಿದ ಮೇಲೆ ತಲೆ ಎತ್ತಿದವಳು. ಆಕೆಗೆ ಆ ಗುಲಾಬಿ ಬರೀ ಹೂವಲ್ಲ.

ಮುಂದಿನ ಸಭೆಯಲ್ಲಿ ನಾನು ಎದ್ದುನಿಂತು, ಹೂವು ಕೊಟ್ಟರೆ ಬಂದ ಹೆಂಗಸರಿಗೆಲ್ಲ ಕೊಡಿ, ಇಲ್ಲವಾದರೆ ಬೇಡ ಎಂದೆ. ಒಂದು ಗಂಟೆ ವಾದವಾಯಿತು. "ಟೀಚರಿಗೆ ಹೊಟ್ಟೆಕಿಚ್ಚು" ಎಂಬ ಮಾತೂ ಕಿವಿಗೆ ಬಿತ್ತು. ಇಷ್ಟು ವರ್ಷ ನನ್ನ ಅಡುಗೆ ಉಂಡವರು. ಕಡೆಗೆ ಖಜಾಂಚಿಯವರು ಖರ್ಚು ಉಳಿಯಿತೆಂದು ಹೂವನ್ನೇ ನಿಲ್ಲಿಸಿದರು. ನಾನು ಕೇಳಿದ್ದು ಅದಲ್ಲ. ಈಗಲೂ ಕೆಲವು ತಾಯಂದಿರು ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಸುಗ್ಗಿ ಹಬ್ಬದ ಅಡುಗೆಗೆ ಹೋಗುತ್ತೇನೆ, ಕೈಲಾದಷ್ಟು ಮಾಡಿ, ಬಿಸಿ ಇರುವಾಗಲೇ ಕುಳಿತು ಉಣ್ಣುತ್ತೇನೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದ ಆ ಹುಡುಗಿ ಕಳೆದ ಜೂನ್‌ನಿಂದ ಸಂಡೇ ಸ್ಕೂಲಿಗೆ ಬರುತ್ತಿದ್ದಾಳೆ, ಕಲಿಸಲು. ಗಂಡನ ಮನೆಯವರು ಮೊನ್ನೆ ಯಾರನ್ನೋ ಕಳಿಸಿ, ಒಂದು ಕಾಗದಕ್ಕೆ ಸಹಿ ಹಾಕಿಕೊಡು ಎಂದರಂತೆ. ಓದದೆ ಹಾಕುವುದಿಲ್ಲ ಎಂದು ಕಳಿಸಿದ್ದಾಳೆ. ಕಾಗದ ನನ್ನ ಹತ್ತಿರವಿದೆ, ಸೋಮವಾರ ಇಬ್ಬರೂ ವಕೀಲರ ಬಳಿ ಹೋಗುತ್ತೇವೆ. ಅದಕ್ಕೂ ಮೊದಲು, ಈ ಭಾನುವಾರ, ನಡುಬಾಗಿದ ಹೆಂಗಸಿನ ಪಾಠ ಅವಳದು. ಬಣ್ಣದ ಸೀಮೆಸುಣ್ಣ ಬೇಕೆಂದು ಕೇಳಿದ್ದಾಳೆ.